‘ನಮ್ಮ ಸಮಾಜ’ ಎಂದರೆ ಯಾರು?

ಹುಣಸೂರು ತಾಲೂಕಿನ ವೀರನಹೊಸಹಳ್ಳಿಯ ಕಡೆ ‘ಸೊಸೈಟಿ’ ಎಂದರೆ ಜನರ ಕಣ್ಣ ಮುಂದೆ ಬರುವುದು ಪಡಿತರ ಅಕ್ಕಿ ಕೊಡುವ ಅಂಗಡಿ, ಇಲ್ಲವೇ ಬೆಳೆಸಾಲ ಕೊಡುವ ಸಹಕಾರ ಸಂಘ. 1904ರಲ್ಲಿ ಸಹಕಾರ ಸಂಘಗಳ ಕಾಯ್ದೆ ಬಂತು. ಮರುವರ್ಷವೇ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಪತ್ತಿನ ಸಂಘವೊಂದು ಸ್ಥಾಪನೆಯಾಯಿತು. ಅಂತಹ ಸಂಘಗಳ ಬೆನ್ನಿಗೇ ಈ ಇಂಗ್ಲಿಷ್ ಪದವೂ ಹಳ್ಳಿಗಳಿಗೆ ಬಂದು ಕನ್ನಡದ್ದೇ ಆಯಿತು. ಕಾಡಿನ ಕಿರು ಉತ್ಪನ್ನಗಳನ್ನು ಕೊಳ್ಳಲೆಂದು ಆದಿವಾಸಿಗಳಿಗೆ ಲ್ಯಾಂಪ್ಸ್ ಸೊಸೈಟಿ ಇದೆ. ಅಷ್ಟೇಕೆ, ನಮ್ಮ ಎಷ್ಟೋ ಶಾಲೆ, ಮದ್ರಸಗಳ ಆಡಳಿತ ಮಂಡಳಿಗಳೂ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಒಂದೊಂದು ಸೊಸೈಟಿಯೇ. ಏಳು ಮಂದಿ ಸೇರಿ ಸಹಿ ಹಾಕಿದರೆ ಕಾನೂನಿಗೆ ಸಾಕು.

ಇದೇ ಪದಕ್ಕೆ ನಾವು ‘ಸಮಾಜ’ ಎಂಬ ಸಮಾನಪದವನ್ನು ಇಟ್ಟುಕೊಂಡಿದ್ದೇವೆ. ಅಶೋಕನ ಶಾಸನಗಳ ಕಾಲದಲ್ಲಿ ಸಮಾಜವೆಂದರೆ ಜನ ಸೇರಿ ನಡೆಸುವ ಉತ್ಸವಕೂಟ. ಇಂದು ಪಠ್ಯಪುಸ್ತಕದಲ್ಲಿ ಅದರ ಅರ್ಥ, ಕೂಡಿ ಬಾಳುವ ಎಲ್ಲ ಜನರು. ಆದರೆ ಮದುವೆ ಮಂಟಪದ ಫಲಕದಲ್ಲಿ, ಚುನಾವಣಾ ಭಾಷಣದಲ್ಲಿ ಅದರ ಅರ್ಥ ಜಾತಿ. ‘ನಮ್ಮ ಸಮಾಜಕ್ಕೆ ಅನ್ಯಾಯವಾಗಿದೆ’ ಎಂದು ಯಾರಾದರೂ ವೇದಿಕೆಯಲ್ಲಿ ಗುಡುಗಿದರೆ ಅದು ಯಾವ ಸಮಾಜ ಎಂದು ಯಾರೂ ಕೇಳುವುದಿಲ್ಲ. ಹೇಳುವವರ ಹೆಸರಿನಿಂದಲೇ ತಿಳಿಯುತ್ತದೆ. ನಾವೂ ಇದಕ್ಕೆ ಹೊರತಲ್ಲ. ಜುಮಾ ಭಾಷಣಗಳಲ್ಲಿ ‘ಸಮಾಜದ ಬಡವರು’ ಎಂಬ ಮಾತು ಬಂದಾಗ ಕೇಳುವವರ ಮನಸ್ಸು ಮಸೀದಿಯ ಜಮಾಅತಿನ ಆಚೆಗೆ ಹೋಗುವುದು ಅಪರೂಪ.

ಈ ಸಂಕುಚಿತ ಅರ್ಥದ ಪೆಟ್ಟು ಏನೆಂಬುದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ‘ಮುಸ್ಲಿಮರನ್ನು ಸಮಾಜದ ಮುಖ್ಯವಾಹಿನಿಗೆ ತರಬೇಕು’ ಎಂಬ ಮಾತನ್ನು ಒಳ್ಳೆಯ ಮನಸ್ಸಿನವರೂ ಆಡುತ್ತಾರೆ. ತರಬೇಕು ಎಂದರೆ ನಾವು ಹೊರಗಿದ್ದೇವೆ ಎಂದೇ ಆಯಿತು. ಇದೇ ಮಾತನ್ನು, ಒಂದಕ್ಷರವೂ ಬದಲಾಗದೆ, ಜೇನುಕುರುಬರ ಬಗ್ಗೆಯೂ ಆಡಲಾಗುತ್ತದೆ. ವೀರನಹೊಸಹಳ್ಳಿಯಲ್ಲಿ ನಾಗರಹೊಳೆ ಅಭಯಾರಣ್ಯದ ಗೇಟು ಇದೆ. ತಲೆಮಾರುಗಳಿಂದ ಆ ಕಾಡಿನೊಳಗೆ ಬಾಳಿದವರು ಗೇಟಿನ ಹೊರಗಾದರು; ಹೊರಬಂದ ಕುಟುಂಬಗಳು ಸಮೀಪದ ನಾಗಪುರ ಪುನರ್ವಸತಿ ಕೇಂದ್ರದ ಹಾಡಿಗಳಲ್ಲಿವೆ. ಕಾಡಿಗೂ ಸೇರದೆ, ಊರಿಗೂ ಪೂರ್ತಿ ಸೇರದೆ ಇರುವವರಿಗೆ ‘ಸಮಾಜ’ ಎಂಬುದು ತಮ್ಮನ್ನು ಬಿಟ್ಟು ಉಳಿದವರೆಲ್ಲರ ಹೆಸರು.

ಪವಿತ್ರ ಕುರ್‌ಆನ್ ಈ ವಿಷಯದಲ್ಲಿ ಪದಗಳನ್ನು ಬಳಸುವ ರೀತಿ ಗಮನಾರ್ಹ. ಅದರಲ್ಲಿ ‘ಉಮ್ಮತ್’ ಎಂಬ ಪದಕ್ಕೆ ಜನಸಮುದಾಯವೆಂಬ ಒಂದೇ ಅರ್ಥವಿಲ್ಲ. ಪ್ರವಾದಿ ಇಬ್ರಾಹೀಮ(ಅ)ರೊಬ್ಬರನ್ನೇ ಉಮ್ಮತ್ ಎನ್ನಲಾಗಿದೆ. ಯೂಸುಫ್ ಅಧ್ಯಾಯದಲ್ಲಿ ಅದೇ ಪದಕ್ಕೆ ಒಂದು ಕಾಲಾವಧಿ ಎಂಬ ಅರ್ಥವೂ ಇದೆ. ಆದರೆ ಇಲ್ಲಿ ನಾನು ಹೆಚ್ಚು ಹೇಳಬೇಕೆಂದಿರುವುದು ‘ಕೌಮ್’ ಎಂಬ ಪದದ ಬಗ್ಗೆ. ನಮ್ಮ ಮನೆಮಾತಿನಲ್ಲಿ ಕೌಮ್ ಎಂದರೆ ಮುಸ್ಲಿಮರು ಮಾತ್ರ. ಕುರ್‌ಆನಿನಲ್ಲಿ ನೂಹ್(ಅ), ಹೂದ್(ಅ), ಸಾಲಿಹ್(ಅ) ಅವರು ‘ನನ್ನ ಜನರೇ’ ಎಂದು ಕರೆಯುವುದು ಯಾರನ್ನು? ತಮ್ಮನ್ನು ಅಲ್ಲಗಳೆದವರನ್ನು, ಗೇಲಿ ಮಾಡಿದವರನ್ನು. ವಿಶ್ವಾಸ ಬೇರೆಯಾದ ಮಾತ್ರಕ್ಕೆ ಆ ‘ನನ್ನ’ ಎಂಬ ಶಬ್ದವನ್ನು ಅವರು ಹಿಂತೆಗೆದುಕೊಳ್ಳಲಿಲ್ಲ. ಮದ್‌ಯನಿನ ಜನರನ್ನು ಶುಐಬ್(ಅ) ಹಾಗೆಯೇ ಕರೆದು, ಏಕದೇವಾರಾಧನೆಯ ಕರೆಯ ಜೊತೆಗೇ ಅಳತೆ ಮತ್ತು ತೂಕದಲ್ಲಿ ಕಡಿಮೆ ಮಾಡಬೇಡಿ ಎಂದರು. ಪಡಿತರದ ಸೊಸೈಟಿಯ ತಕ್ಕಡಿಯ ಮುಂದೆ ನಿಂತವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಕೂಟ ಕಟ್ಟುವುದಕ್ಕೂ ನಮ್ಮಲ್ಲಿ ಮಾದರಿಯಿದೆ. ಪ್ರವಾದಿತ್ವಕ್ಕೆ ಮೊದಲು ಮಕ್ಕಾದಲ್ಲಿ ಹೊರಗಿನಿಂದ ಬಂದ ವ್ಯಾಪಾರಿಯೊಬ್ಬನಿಗೆ ಸರಕಿನ ಹಣ ಸಿಗದೆ ಹೋದಾಗ, ಅಬ್ದುಲ್ಲಾ ಬಿನ್ ಜುದ್‌ಆನ್ ಎಂಬವರ ಮನೆಯಲ್ಲಿ ಕೆಲವರು ಸೇರಿ, ಅನ್ಯಾಯಕ್ಕೊಳಗಾದವನು ಯಾರೇ ಆಗಲಿ ಅವನ ಪರ ನಿಲ್ಲುವ ಪ್ರತಿಜ್ಞೆ ಮಾಡಿದರು. ಯುವಕ ಮುಹಮ್ಮದ್(ಸ) ಅದರಲ್ಲಿದ್ದರು. ಇಸ್ಲಾಮ್ ಬಂದ ಮೇಲೂ ಅಂತಹ ಒಪ್ಪಂದಕ್ಕೆ ಕರೆದರೆ ಹೋಗುತ್ತೇನೆ ಎಂಬ ಅರ್ಥದ ಮಾತನ್ನು ಅವರು ಹೇಳಿದ್ದಾರೆ. ಹಿಲ್ಫುಲ್ ಫುದೂಲ್ ಎಂಬ ಆ ಕೂಟದ ಪ್ರತಿಜ್ಞೆ ಯಾವುದೋ ಒಂದು ಕುಲಕ್ಕೆ ಮೀಸಲಾಗಿರಲಿಲ್ಲ.

ನಮ್ಮ ಕಾಲದ ಉದಾಹರಣೆಯನ್ನೂ ಹೇಳಬೇಕು. ನಾಗರಹೊಳೆಯಿಂದ ಹೊರಹಾಕಲ್ಪಟ್ಟ ಆದಿವಾಸಿಗಳ ಸ್ಥಿತಿಗತಿ ಅರಿಯಲು ಹೈಕೋರ್ಟಿನ ಆದೇಶದಂತೆ ರಚನೆಯಾದ ಸಮಿತಿಯ ಅಧ್ಯಕ್ಷರಾಗಿದ್ದವರು ಮೈಸೂರು ವಿಶ್ವವಿದ್ಯಾನಿಲಯದ ರಾಜ್ಯಶಾಸ್ತ್ರ ಪ್ರಾಧ್ಯಾಪಕ ಮುಝಫ್ಫರ್ ಅಸ್ಸಾದಿ. 2014ರಲ್ಲಿ ಸಲ್ಲಿಕೆಯಾದ ಆ ವರದಿ 3,418 ಕುಟುಂಬಗಳನ್ನು ಗುರುತಿಸಿ ಪುನರ್ವಸತಿಗೆ ಶಿಫಾರಸು ಮಾಡಿತು. ಪ್ರೊಫೆಸರ್ ಅಸ್ಸಾದಿ 2025ರ ಜನವರಿಯಲ್ಲಿ ನಿಧನರಾದರು. ಇಂಥವರನ್ನು ನಾವು ‘ಸಮುದಾಯದ ಹೆಮ್ಮೆ’ ಎನ್ನುತ್ತೇವೆ. ಅವರು ಮಾಡಿದ ಕೆಲಸವಾದರೋ ಸಮುದಾಯದ ಗಡಿಯ ಹೊರಗಿನದು. ಆ ವರದಿಯನ್ನು ಓದಿ ಚರ್ಚಿಸಿದ ಜಮಾಅತ್‌ಗಳು ಎಷ್ಟಿದ್ದಾವು?

ನಮ್ಮವರೇ ಕಷ್ಟದಲ್ಲಿರುವಾಗ ಪರರ ಚಿಂತೆ ಏಕೆ ಎಂಬ ಪ್ರಶ್ನೆ ಸಹಜ. ಝಕಾತಿನ ಹಕ್ಕುದಾರರ ಬಗ್ಗೆ ವಿದ್ವಾಂಸರು ಹೇಳಿರುವ ನಿಯಮಗಳಿವೆ, ಅವು ಹಾಗೆಯೇ ಇರಲಿ. ಆದರೆ ಐಚ್ಛಿಕ ದಾನವಾದ ಸದಕಕ್ಕೆ ಆ ಕಟ್ಟು ಇಲ್ಲ. ನಮ್ಮೊಡನೆ ಕಾದಾಡದವರಿಗೆ ಒಳಿತು ಮಾಡುವುದನ್ನೂ ಅವರೊಡನೆ ನ್ಯಾಯದಿಂದ ವರ್ತಿಸುವುದನ್ನೂ ಅಲ್ಲಾಹನು ತಡೆಯುವುದಿಲ್ಲವೆಂದು ಮುಮ್ತಹನ ಅಧ್ಯಾಯ ತಿಳಿಸುತ್ತದೆ. ಹಾಗಿರುವಾಗ ರಮಝಾನಿನ ಕಿಟ್‌ಗಳ ಪಟ್ಟಿ ಬರೆಯುವ ಕಮಿಟಿ ಹಾಡಿಯ ಹತ್ತು ಮನೆಗಳನ್ನೂ ಅದರಲ್ಲಿ ಬರೆದುಕೊಳ್ಳಬಹುದು.

ಕಿಟ್‌ಗಿಂತ ದೊಡ್ಡ ಕೆಲಸ ಇನ್ನೊಂದಿದೆ, ಅದಕ್ಕೆ ಹಣವೂ ಬೇಡ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಆದಿವಾಸಿಗಳ ಅರ್ಜಿ ಮೊದಲು ಬರುವುದು ಗ್ರಾಮಸಭೆಯ ಮುಂದೆ. ಆ ಸಭೆಗೆ ಕನಿಷ್ಠ ಅರ್ಧದಷ್ಟು ಸದಸ್ಯರು ಹಾಜರಿರಬೇಕು. ನಾವೂ ಅವರೂ ಒಂದೇ ಗ್ರಾಮಸಭೆಗೆ ಸೇರಿದ ಕಡೆ, ಆ ದಿನ ಅಂಗಡಿಯ ಬಾಗಿಲು ಎಳೆದು ಒಂದು ಗಂಟೆ ಹೋಗಿ ಕೂರಬಹುದು, ಹಾಜರಿ ಪುಸ್ತಕದಲ್ಲಿ ಸಹಿ ಹಾಕಬಹುದು, ಅರ್ಜಿ ಓದಿದಾಗ ಕೈಯೆತ್ತಬಹುದು.