ವರ್ಷವಿಡೀ ನಡೆಯುವ ಮಾಯಾಯಾತ್ರೆ

ಹೊಸ ವರ್ಷ ಸಮೀಪಿಸಿತೆಂದರೆ ಸಂಕಲ್ಪಗಳಿಗೆ ಸುಗ್ಗಿ. ಒಬ್ಬನು ಬೆಳಗಿನ ಜಾವದಲ್ಲಿ ಏಳುವ ಪಣ ತೊಡುತ್ತಾನೆ. ಇನ್ನೊಬ್ಬನು ಹಳೆಯ ಸಾಲ ತೀರಿಸುವ ಲೆಕ್ಕ ಹಾಕುತ್ತಾನೆ. ಇವರಲ್ಲದೆ ಬೇರೊಂದು ಬಗೆಯ ಸಂಕಲ್ಪವಂತರೂ ಲೋಕದಲ್ಲಿದ್ದಾರೆ. ಡಿಸೆಂಬರ್ ತಿಂಗಳು ಬಂದೊಡನೆ ಅವರು ಗ್ರಾಫ್ ಕಾಗದವನ್ನು ಮುಂದಿಟ್ಟುಕೊಂಡು ಕುಳಿತುಬಿಡುತ್ತಾರೆ. ಇಲ್ಲದ ರಾಜ್ಯಗಳಿಗೆ ಗಡಿ ಎಳೆಯುತ್ತಾರೆ. ಹುಟ್ಟದ ಅರಸರಿಗೆ ವಂಶಾವಳಿ ಬರೆಯುತ್ತಾರೆ. ನೆಲದಡಿಯ ಗುಹೆಗಳಲ್ಲಿ ಘಟಸರ್ಪಗಳನ್ನು ಕಾವಲಿಗಿಡುತ್ತಾರೆ. ಇವರಿಗೆ ಭ್ರಮೆಯೇನೂ ಹಿಡಿದಿಲ್ಲ. ಸ್ನೇಹಿತರ ಕೂಟವೊಂದಕ್ಕೆ ಬರುವ ವರ್ಷವಿಡೀ ಆಡಿಸಬೇಕಾದ ಆಟವನ್ನು ಇವರು ಸಿದ್ಧಗೊಳಿಸುತ್ತಿದ್ದಾರೆ, ಅಷ್ಟೆ.

‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರನ್ನು ಕೇಳಿದವರಿಗೆ ಈ ಆಟದ ಪರಿಚಯವಿದ್ದೀತು. ಕೇಳದವರಿಗಾಗಿ ನಾಲ್ಕು ಮಾತು: ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಒಬ್ಬನು ವೀರಯೋಧ, ಒಬ್ಬಳು ಮಂತ್ರವಾದಿನಿ, ಮತ್ತೊಬ್ಬನು ಚಾಣಾಕ್ಷ ಕಳ್ಳ—ಹೀಗೆ ಒಬ್ಬೊಬ್ಬರದು ಒಂದೊಂದು ಪಾತ್ರ. ಉಳಿದವನೊಬ್ಬನು ಸೂತ್ರಧಾರ. “ಎದುರಿಗೆ ಕಬ್ಬಿಣದ ಬಾಗಿಲು. ಒಳಗಿನಿಂದ ಯಾರೋ ನರಳುವ ದನಿ. ಈಗೇನು ಮಾಡುತ್ತೀರಿ?” ಎಂದು ಅವನು ಕೇಳುತ್ತಾನೆ. ಅವರು ತಮ್ಮ ತಮ್ಮ ಪಾತ್ರಕ್ಕೆ ತಕ್ಕ ಉತ್ತರ ಕೊಡುತ್ತಾರೆ. ಕೈಹಾಕಿದ ಕೆಲಸ ಕೈಗೂಡುವುದೋ ಇಲ್ಲವೋ ಎಂಬ ಸಂದೇಹ ಬಂದಾಗ ಇಪ್ಪತ್ತು ಮುಖದ ದಾಳ ಉರುಳುತ್ತದೆ. ಪಗಡೆಯಲ್ಲಿರುವಂತೆ ಇಲ್ಲಿ ದಾಳವುಂಟು, ಆದರೆ ಗೆದ್ದವರು ಸೋತವರು ಎಂಬ ಭೇದವಿಲ್ಲ. ತಾಳಮದ್ದಳೆಯಲ್ಲಿರುವಂತೆ ವೇಷವಿಲ್ಲದ ಪಾತ್ರವೂ ಆಶುವಾದ ಮಾತೂ ಉಂಟು. ಆದರೆ ಪ್ರಸಂಗದ ಕೊನೆ ಸಭೆಗೆಲ್ಲ ಗೊತ್ತಿರುತ್ತದೆ, ಈ ಆಟದ ಕೊನೆ ಸೂತ್ರಧಾರನಿಗೂ ಗೊತ್ತಿರುವುದಿಲ್ಲ. ಒಂದೇ ಪಾತ್ರವರ್ಗದೊಡನೆ ತಿಂಗಳುಗಟ್ಟಲೆ ಮುಂದುವರಿಯುವ ಇಂಥ ಕಥಾಸರಣಿಗೆ ‘ಕ್ಯಾಂಪೇನ್’ ಎಂದು ಹೆಸರು. ದಂಡಯಾತ್ರೆ ಎಂಬ ಅರ್ಥದ ಆ ಮಾತು ಯುದ್ಧದಾಟಗಳಿಂದ ಬಂದದ್ದು.

ವರ್ಷದ ಯೋಜನೆ ಹಾಕುವವನಿಗೆ ಮೊದಲ ಪರೀಕ್ಷೆ ಎದುರಾಗುವುದು ಇಲ್ಲಿಯೇ. ಕೊನೆ ಗೊತ್ತಿಲ್ಲದ ಕಥೆಗೆ ಯೋಜನೆ ಹಾಕುವುದು ಹೇಗೆ? ಈ ಪ್ರಶ್ನೆಗೆ ಆಟದ ಚರಿತ್ರೆಯೇ ಒಳ್ಳೆಯ ಉತ್ತರ ಕೊಡುತ್ತದೆ.

ಕೈತಪ್ಪಿದ ಯೋಜನೆ

1969ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಅವಳಿನಗರಗಳಲ್ಲಿ ಯುದ್ಧದಾಟದ ಹವ್ಯಾಸಿಗಳ ಗುಂಪೊಂದಿತ್ತು. ಅವರಲ್ಲೊಬ್ಬರಾದ ಡೇವಿಡ್ ವೆಸ್ಲಿ ಎಂಬವರು ನೆಪೋಲಿಯನ್ನನ ಕಾಲದ ಕಾಳಗವೊಂದನ್ನು ಆಡಿಸಲು ಹೊರಟರು. ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಜರ್ಮನ್ ಪಟ್ಟಣವೇ ರಣರಂಗ. ಸೈನ್ಯಗಳು ಬಂದು ಸೇರುವ ತನಕ ಹೊತ್ತು ಕಳೆಯಲೆಂದು ಪುರಾಧ್ಯಕ್ಷ ಮೊದಲಾದ ಊರಿನ ಗಣ್ಯರ ಪಾತ್ರಗಳನ್ನು ಅವರು ಕೆಲವರಿಗೆ ಹಂಚಿ, ಪ್ರತಿಯೊಬ್ಬರಿಗೂ ಒಂದೊಂದು ಗುಟ್ಟಾದ ಉದ್ದೇಶವನ್ನು ಕೊಟ್ಟರು. ಅಲ್ಲಿಗೆ ಆಟ ಕೈತಪ್ಪಿತು. ಆಟಗಾರರು ಮೇಜನ್ನು ಬಿಟ್ಟೆದ್ದು ಪಕ್ಕದ ಕೋಣೆಗಳಿಗೆ ಹೋಗಿ ಪಿತೂರಿ ನಡೆಸತೊಡಗಿದರು. ಇಬ್ಬರು ದ್ವಂದ್ವಯುದ್ಧಕ್ಕೇ ಸಿದ್ಧರಾದರು. ರಾತ್ರಿ ಕಳೆಯಿತು, ಕಾಳಗ ಮಾತ್ರ ನಡೆಯಲೇ ಇಲ್ಲ. ತಮ್ಮ ಪ್ರಯೋಗ ಪೂರ್ತಿ ವಿಫಲವಾಯಿತೆಂದು ವೆಸ್ಲಿ ಎಣಿಸಿದರು. ಆದರೆ ಆಟಗಾರರು ಮಾತ್ರ ಇಂಥದೇ ಇನ್ನೊಂದು ಬೇಕೆಂದು ಅವರಿಗೆ ದುಂಬಾಲು ಬಿದ್ದರು.

ಆ ಗುಂಪಿನಲ್ಲಿದ್ದ ಡೇವ್ ಆರ್ನೆಸನ್ 1971ರಲ್ಲಿ ಅದೇ ಜಾಡಿನಲ್ಲಿ ಬ್ಲ್ಯಾಕ್‌ಮೂರ್ ಎಂಬ ಮಾಯಾನಾಡನ್ನು ನಿರ್ಮಿಸಿದರು. ಅಲ್ಲೊಂದು ಕೋಟೆ, ಕೋಟೆಯಡಿಯಲ್ಲಿ ಸುರಂಗಗಳ ಜಾಲ. ಕೋಟೆಯನ್ನು ಕಾಯುವುದು ವೀರರ ಕರ್ತವ್ಯವಾಗಿತ್ತು. ಅವರೋ ಸುರಂಗದ ನಿಧಿಯ ಆಸೆಗೆ ಬಿದ್ದು ಮೇಲಿನ ಲೋಕವನ್ನೇ ಮರೆತರು. ಫಲವಾಗಿ ಕೋಟೆ ಶತ್ರುಗಳ ಪಾಲಾಯಿತು. ವೀರರು ದೂರದ ಸರೋವರ ಪ್ರದೇಶಕ್ಕೆ ಗಡೀಪಾರಾದರು. ಆರ್ನೆಸನ್ ಆಟಗಾರರನ್ನು ಕೈಹಿಡಿದು ಕೋಟೆಯ ಮೇಲಕ್ಕೆ ಎಳೆದು ತರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎಂದು ಬಿಟ್ಟರು. ಕಥೆ ಕೆಡಲಿಲ್ಲ. ಬದಲಾಗಿ, ಆಟಗಾರರ ಒಂದೊಂದು ನಿರ್ಧಾರಕ್ಕೂ ಬೆಲೆ ಬಂತು.

ಒಂದು ಅಂತಸ್ತು ಸಾಕು

1972ರ ಕೊನೆಯ ಭಾಗದಲ್ಲಿ ಆರ್ನೆಸನ್ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವ ಎಂಬ ಸಣ್ಣ ಊರಿಗೆ ಹೋಗಿ ಗ್ಯಾರಿ ಗೈಗ್ಯಾಕ್ಸ್ ಅವರಿಗೆ ಈ ಆಟವನ್ನು ತೋರಿಸಿದರು. ಗೈಗ್ಯಾಕ್ಸ್ ಹಿಂದೆ ವಿಮಾ ಕಚೇರಿಯಲ್ಲಿದ್ದವರು. ಆ ಕೆಲಸ ಹೋದ ಮೇಲೆ ಮನೆಯ ನೆಲಮಾಳಿಗೆಯಲ್ಲಿ ಜೋಡು ರಿಪೇರಿ ಮಾಡಿ ಸಂಸಾರ ಸಾಗಿಸುತ್ತಿದ್ದರು. ಆಟ ಅವರ ಮನಸ್ಸನ್ನು ಹಿಡಿಯಿತು. ಗ್ರೇಹಾಕ್ ಎಂಬ ಹಾಳುಕೋಟೆಯೊಂದನ್ನು ಅವರು ಕಲ್ಪಿಸಿಕೊಂಡರು. ಮೊದಲು ಬರೆದದ್ದು ಒಂದೇ ಒಂದು ಅಂತಸ್ತಿನ ನಕ್ಷೆ. ಮೊದಲ ಆಟಗಾರರು ಅವರ ಮಕ್ಕಳಾದ ಅರ್ನಿ ಮತ್ತು ಎಲೀಸ್. ಆ ರಾತ್ರಿ ಮಕ್ಕಳಿಗೆ ಪೆಟ್ಟಿಗೆಯ ತುಂಬ 3,000 ತಾಮ್ರದ ನಾಣ್ಯ ಸಿಕ್ಕಿತು. ಆದರೆ ಹೊತ್ತೊಯ್ಯಲಾರದಷ್ಟು ಭಾರ! ಮಕ್ಕಳು ಮಲಗಿದ ಮೇಲೆ ತಂದೆ ಕುಳಿತು ಎರಡನೆಯ ಅಂತಸ್ತಿನ ನಕ್ಷೆಗೆ ಕೈಹಾಕಿದರು. ಮುಂದಿನ ಆಟಕ್ಕೆ ಸ್ನೇಹಿತರೂ ಬಂದು ಕೂಡಿಕೊಂಡರು. ಹೊರಗಿನ ಪ್ರಪಂಚದ ಅಗತ್ಯ ಬಿದ್ದಾಗ ಗೈಗ್ಯಾಕ್ಸ್ ಉತ್ತರ ಅಮೆರಿಕದ ಭೂಪಟವನ್ನೇ ತೆಗೆದುಕೊಂಡು ಷಿಕಾಗೋ ಇರುವ ಕಡೆ ಗ್ರೇಹಾಕ್ ನಗರವನ್ನು ಸ್ಥಾಪಿಸಿಬಿಟ್ಟರು!

1974ರ ಜನವರಿಯಲ್ಲಿ ಆಟದ ನಿಯಮಗಳು ಮೂರು ಕಿರುಹೊತ್ತಗೆಗಳಾಗಿ ಪ್ರಕಟವಾದವು. ಮೊದಲ ಮುದ್ರಣ 1,000 ಪ್ರತಿಗಳು. ಬೆಲೆ 10 ಡಾಲರು. ಆಟ ತೊಡಗುವ ಮುನ್ನ ಸೂತ್ರಧಾರನು ಕಡಿಮೆಯೆಂದರೆ ಆರು ನೆಲಮಾಳಿಗೆಗಳ ನಕ್ಷೆ ಬರೆದಿರಬೇಕೆಂದು ಅದರಲ್ಲಿ ವಿಧಿಸಿತ್ತು. ಒಂದು ಕ್ಯಾಂಪೇನಿಗೆ ನಾಲ್ಕರಿಂದ ಐವತ್ತರವರೆಗೆ ಆಟಗಾರರು ಇರಬಹುದೆಂದೂ ಹೇಳಿತ್ತು. ಇತರರಿಗೆ ಆರು ನಕ್ಷೆ ಬೇಕೆಂದ ಗೈಗ್ಯಾಕ್ಸ್ ತಾವು ಒಂದರಿಂದಲೇ ತೊಡಗಿದ್ದರು! ಇಂದು ಮೇಜಿನ ಸುತ್ತ ಐದು ಜನ ಕೂಡುವುದೇ ಕಷ್ಟವಾಗಿರುವಾಗ ಈ ಎರಡು ಮಾದರಿಗಳಲ್ಲಿ ಯಾವುದು ಹಿತವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವುದು ಅವಸರ. ಇಡೀ ವಂಶಕ್ಕೇ ಹೊಲಿದಿಡುವುದು ಅವಿವೇಕ.

ಮೊದಲು ಪಂಚಾಂಗ, ಆಮೇಲೆ ಪ್ರಪಂಚ

ಕ್ಯಾಂಪೇನುಗಳನ್ನು ಕೊಲ್ಲುವುದು ಘಟಸರ್ಪವಲ್ಲ. “ಈ ಭಾನುವಾರ ನನಗೆ ಬಿಡುವಿಲ್ಲ” ಎಂಬ ಮಾತು. ಆದ್ದರಿಂದ ಜಾಣನಾದ ಸೂತ್ರಧಾರನು ನಕ್ಷೆಗಿಂತ ಮೊದಲು ಗೋಡೆಯ ಕ್ಯಾಲೆಂಡರನ್ನು ನೋಡುತ್ತಾನೆ. ಹದಿನೈದು ದಿನಕ್ಕೊಮ್ಮೆ ಕೂಡಿದರೆ ವರ್ಷಕ್ಕೆ 26 ಬೈಠಕ್ಕುಗಳು. ಹಬ್ಬಹರಿದಿನ, ಮಕ್ಕಳ ಪರೀಕ್ಷೆ, ಮದುವೆ ಮುಂಜಿ, ನೆಗಡಿ ಜ್ವರ—ಇವಕ್ಕೆಂದು 8 ಕಳೆಯಲಿ, ಉಳಿದದ್ದು 18. ಒಂದೊಂದಕ್ಕೆ ಮೂರು ಗಂಟೆಯಂತೆ ಒಟ್ಟು 54 ಗಂಟೆ. ಅಂದರೆ ವರ್ಷವಿಡೀ ನಡೆಯುವ ಮಹಾಕಥೆಗೆ ದೊರೆಯುವ ಕಾಲ ಎರಡು ಹಗಲು ಎರಡು ರಾತ್ರಿಗಳಿಗಿಂತ ತುಸು ಹೆಚ್ಚು. ಏಳು ಖಂಡಗಳ ಇತಿಹಾಸ ಬರೆಯಲು ಹೊರಟವನು ಈ ಲೆಕ್ಕವನ್ನೊಮ್ಮೆ ಮಾಡಿದರೆ ಲೇಖನಿಯನ್ನು ತಾನಾಗಿಯೇ ಕೆಳಗಿಟ್ಟಾನು. ಒಂದು ಕಣಿವೆ, ಅದರಲ್ಲೊಂದು ಊರು, ಊರಾಚೆ ಒಂದು ಹಾಳುಗುಡಿ—ಇಷ್ಟು ಸಾಕಾದೀತು.

ಈಗ ಗಣಕಯಂತ್ರದ ತೆರೆಯ ಮುಂದೆ ಕುಳಿತು ದೂರದೂರದವರು ಕೂಡಿ ಆಡುವುದೂ ಉಂಟು. ಬೆಂಗಳೂರಿನವನೊಬ್ಬನು ಕ್ಯಾಲಿಫೋರ್ನಿಯದಲ್ಲಿ ನೆಲೆಸಿದ ಹಳೆಯ ಸಹಪಾಠಿಯೊಡನೆ ಆಡಬೇಕಾದರೆ ಒಬ್ಬನಿಗೆ ಬೆಳಗು, ಇನ್ನೊಬ್ಬನಿಗೆ ರಾತ್ರಿ. ಅಂಥವರಿಗೆ ದಿನವನ್ನು ಮೊದಲೇ ಗೊತ್ತುಪಡಿಸುವುದು ಇನ್ನಷ್ಟು ಅಗತ್ಯ.

ಎಲ್ಲರೂ ಪ್ರತಿ ಸಲವೂ ಕೂಡುವುದು ಆಗದ ಮಾತಾದರೆ ಅದಕ್ಕೂ ದಾರಿಯುಂಟು. ಬೆನ್ ರಾಬಿನ್ಸ್ ಎಂಬವರು ತಾವು ನಡೆಸಿದ ‘ವೆಸ್ಟ್ ಮಾರ್ಚಸ್’ ಎಂಬ ಕ್ಯಾಂಪೇನಿನ ಕ್ರಮವನ್ನು 2007ರಲ್ಲಿ ವಿವರಿಸಿ ಬರೆದರು. ಅದರಲ್ಲಿ ಗೊತ್ತಾದ ದಿನವಿಲ್ಲ, ಗೊತ್ತಾದ ತಂಡವಿಲ್ಲ. ಯಾರು ಯಾರು, ಯಾವ ದಿನ, ಯಾವ ದಿಕ್ಕಿಗೆ ಹೋಗುವುದೆಂಬುದನ್ನು ಆಟಗಾರರೇ ನಿರ್ಧರಿಸಿ ಸೂತ್ರಧಾರನಿಗೆ ಮುಂಚಿತವಾಗಿ ತಿಳಿಸುತ್ತಾರೆ. ಅವನು ಆ ದಿಕ್ಕನ್ನಷ್ಟೇ ಸಿದ್ಧಪಡಿಸಿಕೊಂಡರಾಯಿತು. ಯಾತ್ರೆ ಮುಗಿದ ಮೇಲೆ ಎಲ್ಲರೂ ಊರಿಗೆ ಮರಳುತ್ತಾರೆ. ಮುಂದಿನ ಸಲ ಬೇರೆ ತಂಡ ಹೊರಟರೆ ಅಡ್ಡಿಯಿಲ್ಲ. ಗೈರುಹಾಜರಿಯಿಂದ ಆಟ ನಿಲ್ಲುವುದಿಲ್ಲ.

ಘಟನೆ ಬೇಡ, ಬಯಕೆ ಬರೆಯಿರಿ

ಟಿಪ್ಪಣಿ ಪುಸ್ತಕದಲ್ಲಿ ಬರೆದಿಡಬೇಕಾದುದು ಏನು? ಮಾರ್ಚಿಯಲ್ಲಿ ರಾಜನ ಕೊಲೆ, ಜುಲೈಯಲ್ಲಿ ಯುದ್ಧ, ಡಿಸೆಂಬರಿನಲ್ಲಿ ಪಟ್ಟಾಭಿಷೇಕ ಎಂದು ಬರೆದಿಟ್ಟವನಿಗೆ ಪಜೀತಿ ತಪ್ಪಿದ್ದಲ್ಲ. ಆಟಗಾರರು ಮಾರ್ಚಿಯಲ್ಲೇ ರಾಜನ ಪ್ರಾಣ ಉಳಿಸಿಬಿಟ್ಟರೆ ಉಳಿದ ಪುಟಗಳೆಲ್ಲ ರದ್ದಿ. ಆಗ ಅವನ ಮುಂದೆ ಎರಡೇ ದಾರಿ: ಬರೆದದ್ದನ್ನು ಹರಿದು ಹಾಕುವುದು, ಇಲ್ಲವೆ ಸುಳ್ಳು ನೆಪ ಹೂಡಿ ರಾಜನನ್ನು ಹೇಗಾದರೂ ಕೊಲ್ಲಿಸುವುದು. ಎರಡನೆಯದನ್ನು ಆರಿಸಿಕೊಂಡ ದಿನವೇ ಆಟಗಾರರು ಪ್ರೇಕ್ಷಕರಾಗುತ್ತಾರೆ. ಬರಿಯ ಪ್ರೇಕ್ಷಕರಾಗಲು ಮನೆ ಬಿಟ್ಟು ಬರಬೇಕಾದ ಅವಶ್ಯಕತೆ ಯಾರಿಗಿದೆ?

ಅದಕ್ಕಿಂತ, ಯಾರಿಗೆ ಏನು ಬೇಕಾಗಿದೆ ಎಂಬುದನ್ನು ಬರೆದಿಡುವುದು ಮೇಲು. ಮಂತ್ರಿಗೆ ಸಿಂಹಾಸನ ಬೇಕು. ರಾಣಿಗೆ ಕಾಣೆಯಾದ ಮಗ ಬೇಕು. ಮಠಾಧಿಪತಿಗೆ ಗುಡ್ಡದ ಹೊನ್ನು ಬೇಕು. ಯಾರೂ ಅಡ್ಡಬಾರದಿದ್ದರೆ ಇವರು ಯಾವ ಯಾವ ಹೆಜ್ಜೆ ಇಡುತ್ತಾರೆಂದು ನಾಲ್ಕು ಸಾಲು ಸಾಕು. 2010ರಲ್ಲಿ ಪ್ರಕಟವಾದ ವಿನ್ಸೆಂಟ್ ಬೇಕರ್ ಅವರ ‘ಅಪೊಕಲಿಪ್ಸ್ ವರ್ಲ್ಡ್’ ಎಂಬ ಆಟ ಇದಕ್ಕೊಂದು ಸುಲಭ ಉಪಾಯ ಕಲಿಸಿತು. ಗಡಿಯಾರದ ಮುಖದಂತೆ ವೃತ್ತ ಬರೆದು ಭಾಗ ಮಾಡುವುದು. ಒದಗಲಿರುವ ಕೇಡು ಒಂದೊಂದು ಹೆಜ್ಜೆ ಮುಂದೆ ಬಂದಂತೆ ಒಂದೊಂದು ಭಾಗಕ್ಕೆ ಮಸಿ ತುಂಬುವುದು. ಆಟಗಾರರು ತಡೆದರೆ ಗಡಿಯಾರ ನಿಂತಿತು. ಅಲಕ್ಷಿಸಿದರೆ ಹನ್ನೆರಡು ಹೊಡೆಯಿತು. ಕಾಲದ ಲೆಕ್ಕವಿಲ್ಲದೆ ಕ್ಯಾಂಪೇನಿಗೆ ಅರ್ಥವಿಲ್ಲವೆಂದು ಗೈಗ್ಯಾಕ್ಸ್ 1979ರ ತಮ್ಮ ಸೂತ್ರಧಾರರ ಕೈಪಿಡಿಯಲ್ಲಿ ಒತ್ತಿ ಹೇಳಿದ್ದರ ಮರ್ಮವೂ ಇದೇ.

ರಹಸ್ಯವಿರುವ ಕಥೆಗೆ ಇನ್ನೊಂದು ಎಚ್ಚರಿಕೆ ಬೇಕು. ಪ್ರತಿಯೊಂದು ನಿಜಾಂಶಕ್ಕೂ ಕಡಿಮೆಯೆಂದರೆ ಮೂರು ಸುಳಿವುಗಳಿರಬೇಕೆಂಬುದು ಜಸ್ಟಿನ್ ಅಲೆಕ್ಸಾಂಡರ್ ಎಂಬವರು 2008ರಲ್ಲಿ ಮುಂದಿಟ್ಟ ನಿಯಮ. ಹಳ್ಳಿಯ ಮಕ್ಕಳನ್ನು ಕದಿಯುವವನು ಗಿರಣಿಯವನೆಂದು ತಿಳಿಯಬೇಕಾಗಿದೆ ಎನ್ನೋಣ. ಕಿಟಕಿಯಲ್ಲಿ ಹಿಟ್ಟಿನ ಬೆರಳಚ್ಚು ಒಂದು. ಸಂತೆಯಲ್ಲಿ ಮಾರಾಟಕ್ಕೆ ಬಂದ ಮಗುವಿನ ಕೈಬಳೆ ಎರಡು. ಆ ರಾತ್ರಿ ನಾಯಿ ಬೊಗಳದೆ ಹೋದದ್ದು ಮೂರು. ಆಟಗಾರರು ಒಂದನ್ನು ಕಾಣದೆ ಹೋದಾರು, ಇನ್ನೊಂದನ್ನು ತಪ್ಪಾಗಿ ತಿಳಿದಾರು, ಮೂರನೆಯದು ಕೈಹಿಡಿಯುತ್ತದೆ. ಒಂದೇ ಸುಳಿವನ್ನು ನಂಬಿದವನ ಕಥೆ ಆ ಕಿಟಕಿಯ ಬಳಿಯೇ ನಿಂತುಬಿಡುತ್ತದೆ.

ಕುಳಿತವರ ಮನಸ್ಸು

ದಾಳ ಉರುಳುವ ಮುನ್ನ ಒಂದು ಸಂಜೆಯನ್ನು ಬರಿಯ ಮಾತಿಗೆಂದೇ ಮೀಸಲಿಡುವ ಪದ್ಧತಿ ಈಗ ಬೇರೂರಿದೆ. ಯಾವ ಬಗೆಯ ಕಥೆ ಬೇಕು, ನಗೆಯೋ ಭಯವೋ, ಪಾತ್ರ ಸತ್ತರೆ ಚಿಂತೆಯಿಲ್ಲವೆ, ಯಾವ ವಿಷಯ ಬರಲೇ ಕೂಡದು—ಇವನ್ನೆಲ್ಲ ಆ ದಿನ ಇತ್ಯರ್ಥ ಮಾಡಿಕೊಳ್ಳಬೇಕು. ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳು ಕೂಟದಲ್ಲಿದ್ದರೆ ಮೇಲೆ ಹೇಳಿದ ಗಿರಣಿಯವನ ಕಥೆ ಆಟವಾಗುವುದಿಲ್ಲ, ಶಿಕ್ಷೆಯಾಗುತ್ತದೆ. ಕೆಲವು ಕೂಟಗಳಲ್ಲಿ ಗುಣಾಕಾರ ಚಿಹ್ನೆಯ ಚೀಟಿಯೊಂದನ್ನು ಮೇಜಿನ ನಡುವೆ ಇಟ್ಟಿರುತ್ತಾರೆ. ಮನಸ್ಸಿಗೆ ನೋವಾದವರು ಅದನ್ನು ಮುಟ್ಟಿದರೆ ಸಾಕು. ಕಾರಣ ಕೇಳದೆ ಕಥೆ ಬೇರೆ ದಾರಿ ಹಿಡಿಯುತ್ತದೆ. ಜಾನ್ ಸ್ಟಾವ್ರೊಪೌಲಸ್ ಎಂಬವರು ರೂಢಿಗೆ ತಂದ ಈ ಚೀಟಿ ಎಷ್ಟೋ ಸ್ನೇಹಗಳನ್ನು ಉಳಿಸಬಲ್ಲುದು.

ಎಷ್ಟೆಂದರೂ ಇದು ಆಟವಲ್ಲವೆ, ಇಷ್ಟು ಯೋಚನೆ ಯಾಕೆಂದು ಕೆಲವರು ಕೇಳಬಹುದು. ವಯಸ್ಸಿಗೆ ಬಂದವರು ಯಾವ ಲಾಭದ ಆಸೆಯೂ ಇಲ್ಲದೆ, ಒಬ್ಬರ ಮುಖ ಒಬ್ಬರು ನೋಡುತ್ತ, ಒಬ್ಬರ ಮಾತನ್ನು ಇನ್ನೊಬ್ಬರು ಕಿವಿಗೊಟ್ಟು ಕೇಳುತ್ತ ಮೂರು ಗಂಟೆ ಕೂಡುವ ಸಂದರ್ಭಗಳು ಬಾಳಿನಲ್ಲಿ ಎಷ್ಟಿವೆ? ಕ್ಯಾಂಪೇನು ಮುರಿದುಬಿದ್ದಾಗ ಮುರಿಯುವುದು ಕಲ್ಪಿತ ರಾಜ್ಯವೊಂದೇ ಅಲ್ಲ. ಹಲವು ವೇಳೆ ಆ ಭಾನುವಾರಗಳೂ ಅವುಗಳೊಡನೆ ಒಂದೆರಡು ಗೆಳೆತನಗಳೂ ಸದ್ದಿಲ್ಲದೆ ಸವೆದುಹೋಗುತ್ತವೆ.

ಗೈಗ್ಯಾಕ್ಸ್ 2008ರಲ್ಲಿ ತೀರಿಕೊಂಡರು, ಆರ್ನೆಸನ್ 2009ರಲ್ಲಿ. ಲಕ್ಷಾಂತರ ಜನರ ಹವ್ಯಾಸಕ್ಕೆ ಮೂಲವಾದ ಆ ಗ್ರೇಹಾಕ್ ಕೋಟೆಯ ಮೊದಲಿನ ಸುರಂಗಗಳು ಅವರು ಆಡಿಸಿದ ರೂಪದಲ್ಲಿ ಪೂರ್ತಿಯಾಗಿ ಅಚ್ಚಾಗಲೇ ಇಲ್ಲ. ಅಚ್ಚು ಹಾಕಲು ಕಾಗದದ ಮೇಲೆ ಇದ್ದದ್ದಾದರೂ ಎಷ್ಟು? ನಕ್ಷೆಯ ಪಕ್ಕದಲ್ಲಿ ಕೋಣೆಗೊಂದು ಕಿರುಟಿಪ್ಪಣಿ, ಅಷ್ಟೆ. ಮಿಕ್ಕದ್ದೆಲ್ಲ ಮೇಜಿನ ಸುತ್ತ, ಆ ರಾತ್ರಿಗಳಲ್ಲಿ, ಕುಳಿತವರ ಬಾಯಿಂದ ಬಂದದ್ದು. ಬರುವ ವರ್ಷಕ್ಕೆಂದು ಗ್ರಾಫ್ ಕಾಗದ ಬಿಚ್ಚಿ ಕುಳಿತಿರುವ ಸೂತ್ರಧಾರರು ಇದೊಂದನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು: ಹಾಳೆಯ ಮೇಲೆ ಖಾಲಿ ಬಿಟ್ಟ ಜಾಗ ಸೋಮಾರಿತನದ ಗುರುತಲ್ಲ, ಅದು ಬರಲಿರುವ ಅತಿಥಿಗಳಿಗೆ ಹಾಕಿದ ಮಣೆ.