ಮೇಲ್ ಸರ್ವರ್‌ಗೆ 8.8.8.8 ಹಾಕಬೇಡಿ ಮಾರಾಯ್ರೆ

ಹೊಸ ಸರ್ವರ್ ಎದ್ದ ಕೂಡಲೇ ಹಿಂದೆಮುಂದೆ ನೋಡದೆ ಡಿಎನ್‌ಎಸ್ ಜಾಗದಲ್ಲಿ 8.8.8.8 ಅಂತ ಬರೆಯೋದು ನಮ್ಮ ಐಟಿ ಮಂದಿಗೆ ಅಭ್ಯಾಸವಾಗಿಬಿಟ್ಟಿದೆ. ಮನೆಯ ವೈಫೈಗೆ ಹಾಕ್ಕೊಳ್ಳಿ, ನನ್ನ ತಕರಾರಿಲ್ಲ. ಸ್ಪ್ಯಾಮ್‌ಅಸ್ಯಾಸಿನ್ ಓಡುವ ಯಂತ್ರಕ್ಕೆ ಮಾತ್ರ ಬೇಡ.

ಯಾಕೆ ಅಂತೀರಾ? ಸ್ಪ್ಯಾಮ್ ಫಿಲ್ಟರ್ ಬರೀ ಮೇಲ್‌ನಲ್ಲಿರೋ ಪದಗಳನ್ನು ನೋಡಿ ತೀರ್ಮಾನ ಮಾಡಲ್ಲ. ಮೇಲ್ ಕಳಿಸಿದ ಐಪಿ ವಿಳಾಸ ಹಿಡಿದು 'ಇವನು ಕಳ್ಳನಾ?' ಅಂತ ಸ್ಪ್ಯಾಮ್‌ಹೌಸ್‌ನಂಥ ಕಪ್ಪುಪಟ್ಟಿಗಳನ್ನು ಕೇಳುತ್ತೆ. ಕೇಳೋದು ಡಿಎನ್‌ಎಸ್ ಮೂಲಕವೇ. ಸಣ್ಣ ಪುಟ್ಟ ಬಳಕೆಗೆ ಈ ಪಟ್ಟಿ ಪುಕ್ಕಟೆ, ಮಿತಿ ದಾಟಿದರೆ ದುಡ್ಡು. 8.8.8.8 ಮೂಲಕ ಕೇಳಿದರೆ ನೀವು ಯಾರು ಅಂತಲೇ ಅವರಿಗೆ ಗೊತ್ತಾಗಲ್ಲ. ಇಡೀ ಊರಿನ ರೇಷನ್ನನ್ನು ಒಬ್ಬನೇ ಕೇಳಿಕೊಂಡು ಬಂದರೆ ನ್ಯಾಯಬೆಲೆ ಅಂಗಡಿಯವನು ಕೊಡ್ತಾನಾ? ಸ್ಪ್ಯಾಮ್‌ಹೌಸ್ ಕೂಡ ಕೊಡಲ್ಲ. 127.255.255.254 ಅನ್ನೋ ಸಂಕೇತ ಕಳಿಸುತ್ತೆ. 'ಸಾರ್ವಜನಿಕ ಡಿಎನ್‌ಎಸ್‌ನಿಂದ ಕೇಳ್ತಿದ್ದೀರಿ, ಹೇಳಲ್ಲ' ಅಂತ ಅದರ ಅರ್ಥ.

ಆಮೇಲೆ ಏನಾಗುತ್ತೆ? ಸ್ಪ್ಯಾಮ್‌ಅಸ್ಯಾಸಿನ್‌ನಲ್ಲಿ ಆ ಪಟ್ಟಿಯ ಅಂಕ ಬೀಳಲ್ಲ, ಕಸ ಸಲೀಸಾಗಿ ಒಳಗೆ ಬರುತ್ತೆ. ಪೋಸ್ಟ್‌ಫಿಕ್ಸ್ ಇನ್ನೂ ಅಪಾಯ. ಯಾವ ಸಂಕೇತ ಬಂದರೆ ತಡೀಬೇಕು ಅಂತ ನೀವು ಬರೆದಿಲ್ಲದಿದ್ದರೆ ಅದು ಯಾವ ಉತ್ತರ ಬಂದರೂ 'ಕಳ್ಳ' ಅಂತಲೇ ತಿಳ್ಕೊಳ್ಳುತ್ತೆ. ಗ್ರಾಹಕನ ಆರ್ಡರು, ಸಂದರ್ಶನದ ಕರೆ, ಎಲ್ಲ ಬಾಗಿಲಿಂದಲೇ ವಾಪಸ್!

'ನಾನು ಡಿಎನ್‌ಎಸ್‌ಮಾಸ್ಕ್ ಹಾಕಿದ್ದೀನಲ್ಲ' ಅನ್ನೋರಿದ್ದಾರೆ. ಸ್ವಾಮಿ, ಅದು ಪ್ರಶ್ನೆಯನ್ನು ಇನ್ನೊಬ್ಬರಿಗೆ ದಾಟಿಸೋದಷ್ಟೇ, ತಾನಾಗಿ ಹುಡುಕಲ್ಲ. ಕ್ಲೌಡ್ ಕಂಪನಿಯವರೇ ಕೊಟ್ಟ ಡಿಎನ್‌ಎಸ್ ಇದೆ ಅಂತೀರಾ? ಅದನ್ನೂ ಸಾವಿರಾರು ಜನ ಹಂಚಿಕೊಂಡಿರ್ತಾರೆ, ಕಥೆ ಅದೇ. 'ಗೂಗಲ್ ವೇಗ' ಅನ್ನೋ ವಾದವೂ ನಿಲ್ಲಲ್ಲ. ಮೊದಲ ಸಲ ನಾಲ್ಕು ಮಿಲಿಸೆಕೆಂಡ್ ಹೆಚ್ಚು ಹಿಡಿದರೆ ಮೇಲ್‌ಗೇನೂ ನಷ್ಟವಿಲ್ಲ. ಮತ್ತೆ ಅದನ್ನೇ ಕೇಳಿದಾಗ ಉತ್ತರ ನಿಮ್ಮ ಯಂತ್ರದ ನೆನಪಿನಲ್ಲೇ ಇರುತ್ತೆ, ಅದಕ್ಕಿಂತ ವೇಗ ಇನ್ನೇನು ಬೇಕು?

ಮಾಡಬೇಕಾದ್ದು ಇಷ್ಟೇ. ಅದೇ ಯಂತ್ರದಲ್ಲಿ ಅನ್‌ಬೌಂಡ್ ಹಾಕಿ. ಬೇರೆಯವರಿಗೆ ದಾಟಿಸುವ ಒಂದು ಸಾಲೂ ಅದರಲ್ಲಿರಬಾರದು. ಡಿಎನ್‌ಎಸ್ ವಿಳಾಸ 127.0.0.1 ಅಂತ ಬದಲಿಸಿ. ಕೊನೆಗೆ ಸ್ಪ್ಯಾಮ್‌ಹೌಸ್‌ನ ಜೆನ್ ಪಟ್ಟಿಯಲ್ಲಿ 2.0.0.127 ಹುಡುಕಿ ನೋಡಿ. ಪರೀಕ್ಷೆಗಂತಲೇ ಇಟ್ಟ ನಮೂದು ಅದು. ಉತ್ತರದಲ್ಲಿ 127.0.0.2 ಕಂಡರೆ ಸರಿಯಾಗಿದೆ, 127.255.255.254 ಬಂದರೆ ಎಲ್ಲೋ ಇನ್ನೂ ದಾಟಿಸ್ತಿದ್ದೀರಿ.

ಹತ್ತು ನಿಮಿಷದ ಕೆಲಸ. ಇದನ್ನು ಮಾಡದೆ 'ಸ್ಪ್ಯಾಮ್‌ಅಸ್ಯಾಸಿನ್ ದಂಡ, ದುಡ್ಡು ಕೊಟ್ಟು ಬೇರೆ ತಗೊಳ್ಳೋಣ' ಅಂತ ಮ್ಯಾನೇಜರ್ ಮುಂದೆ ನಿಲ್ಲಬೇಡಿ. ಹೊಸದಕ್ಕೂ ನೀವು 8.8.8.8 ಅನ್ನೇ ಹಾಕ್ತೀರಿ.