ಚಿಟ್ಟೆ ಮೊಟ್ಟೆಯಿಟ್ಟರೆ ಗಿಡ ನಮ್ಮದಾಗದು

ಕೆಂಪು-ಹಳದಿ ಹೂವಿನ ಅಸ್ಕ್ಲೇಪಿಯಸ್ ಕುರಸಾವಿಕ ಬೆಂಗಳೂರಿನ ಸ್ಥಳೀಯ ಗಿಡ ಎಂದು ವಾದಿಸಿದ ಲೇಖನ ಓದಿದೆ. ಬಸವನಗುಡಿಯ ಖಾಲಿ ನಿವೇಶನಗಳಲ್ಲಿ ಅದು ತಾನಾಗಿ ಬೆಳೆಯುತ್ತದೆ, ಪ್ಲೇನ್ ಟೈಗರ್ ಚಿಟ್ಟೆ ಅದರ ಮೇಲೆ ಮೊಟ್ಟೆಯಿಡುತ್ತದೆ, ಲೇಖಕರ ಅಜ್ಜಿಯೂ ಅದನ್ನು ಕಂಡಿದ್ದರು: ಇವೇ ಪುರಾವೆಗಳು. ಮೂರೂ ನಿಜವಿರಬಹುದು, ಆದರೆ ಒಂದೂ ಸಾಲದು.

ಗಿಡದ ಮೂಲ ಉಷ್ಣವಲಯದ ಅಮೆರಿಕ. ಲಿನೇಯಸ್ 1753ರಲ್ಲಿ ಕೊಟ್ಟ ಹೆಸರೇ ಕೆರಿಬಿಯನ್ನಿನ ಕುರಸಾವ್ ದ್ವೀಪವನ್ನು ಸೂಚಿಸುತ್ತದೆ. ಚಿಟ್ಟೆ ಹುಡುಕುವುದು ಹಾಲುಸೊನೆಯ ಕುಟುಂಬದ ರಾಸಾಯನಿಕಗಳನ್ನು. ಗಿಡ ಎಲ್ಲಿಂದ ಬಂತೆಂಬುದು ಅದಕ್ಕೆ ಬೇಕಿಲ್ಲ. ತಾನಾಗಿ ಹಬ್ಬುವುದೂ ಸಾಕ್ಷಿಯಲ್ಲ. ಹೊರಗಿನಿಂದ ಬಂದ ಲಂಟಾನ ನಮ್ಮ ಕಾಡುಗಳನ್ನೇ ನುಂಗಿದೆ. ಅಜ್ಜಿಯ ನೆನಪಿಗೆ ನನ್ನ ಗೌರವವಿದೆ, ಆದರೆ 1760ರಲ್ಲಿ ಹೈದರಾಲಿ ಲಾಲ್‌ಬಾಗ್ ಆರಂಭಿಸಿದ ಮೇಲೆ ಈ ಊರಿಗೆ ಹೊರಗಿನ ಗಿಡಗಳು ಬರುತ್ತಲೇ ಇವೆ. ಮಲ್ಲೇಶ್ವರದ ಗುಲ್‌ಮೊಹರ್ ಮಡಗಾಸ್ಕರದ್ದು. ಎಷ್ಟು ಪ್ರೀತಿಸಿದರೂ ಅದು ಸ್ಥಳೀಯವಾಗುವುದಿಲ್ಲ.

ನಮ್ಮದೇ ಹಾಲುಸೊನೆಯ ಗಿಡ ಬೇಕೆ? ಗಾಂಧಿ ಬಜಾರಿನಲ್ಲಿ ಗಣಪತಿಗೆಂದು ಹಾರ ಕಟ್ಟುವ ಎಕ್ಕ, ರಥಸಪ್ತಮಿಯ ಸ್ನಾನಕ್ಕೆ ಏಳು ಎಲೆ ಕೊಡುವ ಎಕ್ಕ. ಅದೇ ಚಿಟ್ಟೆಯ ಹುಳುಗಳು ಅದನ್ನೂ ಮೇಯುತ್ತವೆ. ಬೇಲಿಗೆ ಹಬ್ಬುವ ಆಡುಮುಟ್ಟದ ಬಳ್ಳಿಯೂ ಇದೆ. ಚಿಟ್ಟೆ ತೋಟಕ್ಕೆಂದು ನರ್ಸರಿಯಿಂದ ಕುರಸಾವಿಕವನ್ನು ತರುವವರಿಗೆ ಲೇಖಕರು ‘ಸ್ಥಳೀಯ’ ಎಂಬ ಚೀಟಿ ಅಂಟಿಸಿಕೊಟ್ಟಿದ್ದಾರೆ. ದಯವಿಟ್ಟು ಅದನ್ನು ಹಿಂತೆಗೆದುಕೊಳ್ಳಲಿ. ಖಾಲಿ ನಿವೇಶನದ ಎಕ್ಕವನ್ನು ಕಳೆಯೆಂದು ಕಿತ್ತೆಸೆಯುವುದನ್ನು ತಡೆಯಲು ಅವರ ಲೇಖನಿ ದುಡಿಯಲಿ.